ಭಾನುವಾರದ ಜಾಗ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಒಳಗೆ ಕೂತವನಿಗೆ ತನ್ನ ಕಾರಿನ ಮೂತಿಯೇ ಬೇರೆ ಯಾರದೋ ಅನ್ನಿಸುತ್ತಿತ್ತು. ರಾತ್ರಿಯೆಲ್ಲ ನೆಲದ ಮೇಲೆ ಮಲಗಿದ್ದ ಮಂಜು, ಬೆಳಕಾದ ಮೇಲೂ ಏಳಲು ಮನಸ್ಸಿಲ್ಲದೆ ಬೀದಿದೀಪಗಳ ಸೊಂಟಕ್ಕೆ ಸುತ್ತಿಕೊಂಡು ನಿಂತಿತ್ತು. ಎದುರಿನಿಂದ ಬರುವ ವಾಹನಗಳು ಮೊದಲು ಎರಡು ಹಳದಿ ಕಲೆಗಳಾಗಿ, ಆಮೇಲೆ ಒಂದು ಸದ್ದಾಗಿ, ಕೊನೆಗೆ ಏನೂ ಅಲ್ಲದೆ ಹೋಗಿಬಿಡುತ್ತಿದ್ದವು. ತನ್ನ ಕಾರಿನ ಹಿಂದಿನ ದೀಪಗಳಲ್ಲಿ ಒಂದು ಉರಿಯುವುದಿಲ್ಲ ಎಂಬುದು ಇಂಥ ದಿನವೇ ಅವನಿಗೆ ನೆನಪಾಗುವುದು. ಸರಿಮಾಡಿಸಿಕೋ ಎಂದು ಯಾರೋ ಹೇಳಿದ್ದರು. ಯಾರೆಂದು ನೆನೆಯಲು ಹೋಗಲಿಲ್ಲ. ಇಂಥ ಮಂಜು ಕಂಡರೆ ಅಕ್ಕ, ದೇವರು ಸೀಮೆಸುಣ್ಣದಲ್ಲಿ ಗುರುತು ಹಾಕಿ ಕತ್ತರಿ ಹುಡುಕೋಕೆ ಎದ್ದುಹೋಗಿದಾನೆ, ಇನ್ನೇನು ಬರ್ತಾನೆ ಅನ್ನುತ್ತಿದ್ದಳು. ಹೊಲಿಗೆಯವಳ ದೇವರು ಅವನು, ಹೊಲಿಗೆಯವನೇ. ಇವತ್ತು ಅವಳನ್ನು ನೆನೆಯಬಾರದೆಂದು ಮನೆಗೆ ಬೀಗ ಹಾಕುವಾಗಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಆದರೆ ಇವತ್ತು ಕಚೇರಿಗೆ ಬರಲಿದ್ದವಳು ಅಕ್ಕನನ್ನು ಕೊನೆಯವರೆಗೂ ನೋಡಿಕೊಂಡ ನರ್ಸ್. ತನ್ನ ತೆರಿಗೆಯ ಕಾಗದಗಳನ್ನು ತರುತ್ತೇನೆಂದು ಫೋನ್ ಮಾಡಿದ್ದಳು. ನನ್ನ ತಮ್ಮ ಇದಾನೆ, ಅವನ ಹತ್ರ ಹೋಗು, ಎಲ್ಲ ನೆಟ್ಟಗೆ ಮಾಡಿಕೊಡ್ತಾನೆ ಅಂತ ಅಕ್ಕನೇ ಹೇಳಿದ್ದಳಂತೆ. ಸತ್ತವಳು ಕಳಿಸಿದ ಗಿರಾಕಿ. ಆಗೋಲ್ಲ ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಬಂದವಳು ಏನು ಕೇಳಿದರೂ ಹೇಳಬಲ್ಲ. ಅವಳು ಏನಾದರೂ ಹೇಳಿಬಿಟ್ಟರೆ ಎಂಬುದೊಂದೇ ಭಯ. ಅಕ್ಕನ ಕೊನೆಯ ವರ್ಷದಲ್ಲಿ ಅವನು ಭಾನುವಾರ ಭಾನುವಾರ ಅವಳ ಬೀದಿಯವರೆಗೆ ಹೋಗಿ, ಕಾರು ನಿಲ್ಲಿಸದೆ ಸುತ್ತು ಹಾಕಿ ಹಿಂದಿರುಗುತ್ತಿದ್ದ. ಅದು ಅಕ್ಕನಿಗೆ ಗೊತ್ತಿತ್ತೇ ಎಂಬುದನ್ನು ಬಲ್ಲವಳು ಈಗ ಭೂಮಿಯ ಮೇಲೆ ಆ ನರ್ಸ್ ಒಬ್ಬಳೇ.

ಜನರ ತೆರಿಗೆ ಲೆಕ್ಕ ಬರೆದುಕೊಡುವ ಅವನ ಕಚೇರಿ ಎಂದರೆ ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆ. ಹಿಂಬದಿಯ ಅಂಗಳದಲ್ಲಿ ಮೂರು ಕಾರು ನಿಲ್ಲುವಷ್ಟು ಜಾಗ, ಅದರಲ್ಲಿ ಗೋಡೆಯ ಮಗ್ಗುಲಿನದು ಅವನದು. ತಿಂಗಳ ಬಾಡಿಗೆ ಕೊಡುತ್ತಿದ್ದ, ಗೋಡೆಯ ಮೇಲೆ ಅವನ ಕಾರಿನ ನಂಬರನ್ನು ಬರೆಸಿದ್ದ. ಲೋಕದಲ್ಲಿ ಅವನ ಹೆಸರಿಗೆ ಕಾದಿರುವ ಜಾಗ ಅದೊಂದೇ. ಇವತ್ತು ಅಲ್ಲಿ ಅರಿಶಿನ ಬಣ್ಣದ ಪುಟ್ಟ ಕಾರೊಂದು, ಮಂಜಿನಲ್ಲಿ ಕೂತ ಕೋಳಿಯ ಹಾಗೆ ಮೈ ಉಬ್ಬಿಸಿಕೊಂಡು ನಿಂತಿತ್ತು. ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಎಲ್ಲಿ ಎಂದು ಮನಸ್ಸು ಹೇಳುವ ಮೊದಲೇ ಗೇರು ಹಿಂದಕ್ಕೆ ಹಾಕಿ ಬೀದಿಗೆ ಇಳಿದ. ಒಂದು ಸುತ್ತು ಹಾಕಿದ. ಬ್ಯಾಂಕಿನ ಮುಂದೆ ಜಾಗ ಇಲ್ಲ, ಔಷಧಿ ಅಂಗಡಿಯ ಮುಂದೆ ಇಲ್ಲ. ಇನ್ನೊಂದು ಸುತ್ತು. ಹೀಗೆ ಸುತ್ತುವಾಗ ಮೈಗೆ ಒಂದು ಹಳೆಯ ಸಮಾಧಾನ ಬರುವುದು ಅವನಿಗೆ ಗೊತ್ತಾಯಿತು. ಜಾಗ ಸಿಗದವನ ಮೇಲೆ ಯಾವ ಹೊಣೆಯೂ ಇಲ್ಲ. ಅವನು ಬಂದಿದ್ದಾನೆ, ಬರಲು ಪಟ್ಟ ಪಾಡೆಲ್ಲ ಪಟ್ಟಿದ್ದಾನೆ, ಉಳಿದದ್ದು ಊರಿನ ತಪ್ಪು. ಅಕ್ಕನ ಬೀದಿಯೂ ಹೀಗೇ ಇತ್ತು, ಎರಡೂ ಕಡೆ ಮುಚ್ಚಳ ಮುಚ್ಚಿದ ಡಬ್ಬಿಗಳ ಹಾಗೆ ಕಾರುಗಳು. ಎರಡನೆಯ ಮಹಡಿಯ ಕಿಟಕಿಯಲ್ಲಿ ಅವಳ ಹೊಲಿಗೆ ಯಂತ್ರದ ನೆರಳು. ಅವನು ಕಣ್ಣೆತ್ತುತ್ತಿರಲಿಲ್ಲ. ಮನೆಗೆ ಬಂದು ಫೋನ್ ಮಾಡಿ, "ಜಾಗ ಸಿಗಲಿಲ್ಲ ಅಕ್ಕ" ಅನ್ನುತ್ತಿದ್ದ. "ಹೌದಾ ಮರಿ" ಅನ್ನುತ್ತಿದ್ದಳು ಅವಳು. ಐವತ್ತು ದಾಟಿದವನನ್ನು ಮರಿ ಅನ್ನಲು ಅವಳೊಬ್ಬಳೇ ಉಳಿದಿದ್ದಳು. "ಪರವಾಗಿಲ್ಲ. ಊಟ ಆಯ್ತಾ?"

ಕೊನೆಗೆ ಚಪ್ಪಲಿ ರಿಪೇರಿಯವನ ಅಂಗಡಿಯಾಚೆ, ದೂರದಲ್ಲಿ, ಕಾರು ನಿಲ್ಲಿಸಲು ದುಡ್ಡು ಹಾಕುವ ಮಿಷನ್ನಿನ ಪಕ್ಕ ಒಂದು ಸಂದು ಸಿಕ್ಕಿತು. ಚಿಲ್ಲರೆ ಹಾಕಿದ, ಚೀಟಿ ಬಂತು, ಗಾಜಿನ ಹಿಂದೆ ಇಟ್ಟ. ಇಂಥ ಚೀಟಿಗಳನ್ನು ವರ್ಷವಿಡೀ ಕೂಡಿಟ್ಟು ತಂದು ಮೇಜಿನ ಮೇಲೆ ಸುರಿಯುವವರಿಗೆ ಅವನು ಹೇಳುವ ಮಾತು ಒಂದೇ. ಮನೆಯಿಂದ ಕೆಲಸಕ್ಕೆ ಬರುವ ದಾರಿ ನಿಮ್ಮ ಸ್ವಂತದ್ದು. ಅದರ ಪೆಟ್ರೋಲು, ಅದರ ಕೊನೆಯಲ್ಲಿ ಕಾರು ನಿಲ್ಲಿಸಿದ್ದಕ್ಕೆ ಕೊಟ್ಟದ್ದು, ಯಾವುದನ್ನೂ ವರಮಾನದಿಂದ ಕಳೆಯಲು ಬರುವುದಿಲ್ಲ. ಜನ ಮುನಿಸಿಕೊಳ್ಳುತ್ತಾರೆ, ಕೆಲಸ ಇಲ್ಲದಿದ್ದರೆ ಯಾರು ಸ್ವಾಮಿ ಈ ದಾರಿ ಹಿಡೀತಾರೆ ಅನ್ನುತ್ತಾರೆ. ಅವನು ತಾಳ್ಮೆಯಿಂದ, ಎಲ್ಲಿ ಮನೆ ಮಾಡಬೇಕೆಂದು ಆರಿಸಿಕೊಂಡವರು ನೀವೇ ಅಲ್ಲವೇ ಅನ್ನುತ್ತಾನೆ. ಆ ಮಾತು ಹೇಳಿ ಹೇಳಿ ನುಣ್ಣಗಾಗಿತ್ತು. ಇವತ್ತು ಮಂಜಿನಲ್ಲಿ ಒಬ್ಬನೇ ನಡೆಯುವಾಗ, ಮನುಷ್ಯನಿಗೆ ತನ್ನದು ಅಂತ ಕೊಟ್ಟಿರುವುದು ಆ ದಾರಿಯೊಂದನ್ನೇ ಏನೋ ಅನ್ನಿಸಿತು. ಮನೆಯಲ್ಲಿ ಯಾರೂ ಕಾಯುವುದಿಲ್ಲ, ಕೆಲಸದಲ್ಲಿ ಎಲ್ಲರೂ ಕಾಯುತ್ತಾರೆ. ಇವೆರಡರ ನಡುವೆ ಯಾವ ಲೆಕ್ಕಕ್ಕೂ ಸೇರದೆ ಅವನು ದಿನವೂ ಹೋಗುತ್ತಾ ಬರುತ್ತಾ ಇದ್ದಾನೆ. ಮೇಲಿರುವವನು ನೋಡುವುದಾದರೆ ಬಹುಶಃ ಆ ಹೊತ್ತಿನಲ್ಲೇ ನೋಡುತ್ತಾನೆ.

ಮೆಟ್ಟಿಲು ಹತ್ತುವಾಗ ಇಸ್ತ್ರಿಯ ಬಿಸಿ ಹಬೆ ಕಾಲಿಗೆ ಸೋಕಿತು. ಬಾಗಿಲಲ್ಲೇ ಟೈಪಿಸ್ಟ್. ಅವನಿಗಿಂತ ಹಿರಿಯಳು, ಅವನಿಗಿಂತ ಮೊದಲೇ ಆ ಕೋಣೆಯಲ್ಲಿದ್ದವಳು.

"ನನ್ನ ಜಾಗದಲ್ಲಿ ಯಾರೋ ಕಾರು ನಿಲ್ಲಿಸಿದಾರೆ," ಅಂದ.

"ನಾನೇ ನಿಲ್ಲಿಸಿ ಅಂದೆ. ಪಾಪ, ಮಂಡಿ ನೋವಂತೆ. ನಿಮಗೆ ನಡೀಬೇಕು ಅಂತ ಡಾಕ್ಟರು ಹೇಳಿ ವರ್ಷ ಆಯ್ತಲ್ಲ."

"ಬಾಡಿಗೆ ಕೊಡೋನು ನಾನು."

"ಹೌದು. ಬಾಡಿಗೆ ನಿಮ್ದು, ಪುಣ್ಯ ನಂದು. ಒಳಗೆ ಕೂತಿದಾರೆ, ಹೋಗಿ. ಮೊದಲು ತಲೆ ಒರೆಸ್ಕೊಳ್ಳಿ, ಮಂಜು ಕೂತಿದೆ."

ನರ್ಸ್ ಕುರ್ಚಿಯ ತುದಿಯಲ್ಲಿ ಕೂತಿದ್ದಳು, ಮಡಿಲಲ್ಲಿ ಬಟ್ಟೆಯ ಚೀಲ. ಅವನನ್ನು ಕಂಡು ಏಳಲು ಹೋದಳು, ಮಂಡಿ ಒಪ್ಪಲಿಲ್ಲ, ಅರ್ಧಕ್ಕೇ ನಿಂತಳು. "ಅದೇ ಮೂಗು," ಅಂದಳು. ಯಾರ ಮೂಗೆಂದು ಅವನು ಕೇಳಲಿಲ್ಲ. ದಪ್ಪ ಬೆರಳುಗಳ, ಬಿಳಿ ಕೂದಲನ್ನು ಬಿಗಿಯಾಗಿ ಕಟ್ಟಿದ ಹೆಂಗಸು. ಆಸ್ಪತ್ರೆಯಲ್ಲಿ ಆ ಕಡೆಯ ದಿನ ಅವನು ಇವಳನ್ನು ಕಂಡಿದ್ದಿರಬೇಕು. ಅಂದು ಅವನು ಯಾರ ಮುಖವನ್ನೂ ನೋಡಿರಲಿಲ್ಲ, ರುಜು ಹಾಕುವ ಕಡೆ ರುಜು ಹಾಕಿದ್ದ. ಈಗ ಮೇಜಿನ ಹಿಂದೆ ಕೂತು, ಕನ್ನಡಕ ಹಾಕಿ, ಪೆನ್ನಿನ ಮುಚ್ಚಳ ತೆಗೆದ. ಕೆಲಸ ಒಂದು ದೊಡ್ಡ ಮರೆ. ಅವಳು ಅಕ್ಕ ಅಂತ ಶುರುಮಾಡುವ ಮೊದಲೇ ಅವನು ಕೇಳಿದ:

"ಬೆಳಿಗ್ಗೆ ಮನೆ ಬಿಟ್ಟರೆ ಮೊದಲು ಎಲ್ಲಿಗೆ ಹೋಗ್ತೀರಾ?"

"ಅಜ್ಜ ಒಬ್ರು ಇದಾರೆ, ಅವರಿಗೆ ಸ್ನಾನ ಮಾಡಿಸ್ಬೇಕು. ಅಲ್ಲಿಂದ ಇನ್ನೊಬ್ಬರ ಗಾಯ ತೊಳೀಬೇಕು. ಆಮೇಲೆ ಫೋನ್ ಬಂದ ಕಡೆ."

"ನಿಮ್ಮ ಮನೆಯಿಂದ ಅಜ್ಜನ ಮನೆವರೆಗಿನ ಖರ್ಚು ಲೆಕ್ಕಕ್ಕೆ ಬರೋಲ್ಲ. ಅಲ್ಲಿಂದ ಮುಂದಿನ ಮನೆಗಳಿಗೆ ಓಡಾಡಿದ್ದು ಬರುತ್ತೆ, ಕಳೀಬಹುದು. ಕೊನೇ ಮನೆಯಿಂದ ನಿಮ್ಮ ಮನೆಗೆ ಹೋಗಿದ್ದು ಮತ್ತೆ ಬರೋಲ್ಲ."

ಅವಳು ಅದನ್ನು ಯೋಚಿಸಿದಳು. "ಅಂದ್ರೆ ಬೆಳಿಗ್ಗೆ ನಾನು ಹೊರಡೋದು ಗಾಳಿ ಕುಡಿಯೋಕೆ ಅಂತ ಲೆಕ್ಕ."

"ಸ್ವಂತಕ್ಕೆ ಅಂತ ಲೆಕ್ಕ."

"ಅಜ್ಜಂಗೆ ಹೇಳ್ತೀನಿ. ನಿಮ್ಮನೆಗೆ ನಾನು ಬರೋದು ನನ್ನ ಸ್ವಂತ ಸಂತೋಷಕ್ಕೆ, ಸರ್ಕಾರವೇ ಹಾಗಂದಿದೆ ಅಂತ. ಪಾಪ, ದಿನಾ ಬೈಯ್ತಾರೆ, ಒಂದಿನ ನಗ್ಲಿ."

ಅವನಿಗೆ ನಗು ಬಂತು, ತಡೆದುಕೊಂಡ. ಅವಳು ಚೀಲದಿಂದ ಚೀಟಿಗಳನ್ನು ತೆಗೆದು, ಒಂದೊಂದು ಮನೆಯದನ್ನೂ ಒಂದೊಂದು ಗುಪ್ಪೆ ಮಾಡಿ ಮೇಜಿನ ಮೇಲೆ ಇಟ್ಟಳು. ರೋಗಿಗಳ ಮನೆಯ ಮುಂದೆ ಕೆಲಸದ ಹೊತ್ತಿನಲ್ಲಿ ಕಾರು ನಿಲ್ಲಿಸಿದ್ದಕ್ಕೆ ಕೊಟ್ಟದ್ದು ಬರುತ್ತದೆ ಅಂದ. ಅವಳ ಮುಖ ಸಡಿಲವಾಯಿತು; ಅಷ್ಟು ಬಂದರೆ ಕಾರಿನ ಕ್ಲಚ್ ಹಾಕಿಸಬಹುದು, ಇಲ್ಲದಿದ್ದರೆ ಏರಿನ ಮನೆಗಳನ್ನು ಬಿಡಬೇಕಾಗುತ್ತೆ ಅಂದಳು. ಕೆಲಸಕ್ಕೆ ಕಳಿಸುವ ಸಂಸ್ಥೆಯ ಕಚೇರಿಯ ಮುಂದೆ ಕಾರಿನ ಜಾಗಕ್ಕೆ ತಿಂಗಳಿಗೆ ಕಟ್ಟುವುದು ಮಾತ್ರ ಬರುವುದಿಲ್ಲ. "ಅದ್ಯಾಕೆ, ಅದೂ ಕೆಲಸಾನೇ ಅಲ್ವಾ?" "ಅದು ನೀವು ಯಾವಾಗ್ಲೂ ಹೋಗೋ ಕೆಲಸದ ಜಾಗ. ಅಲ್ಲಿಗೆ ಹೋಗಿ ನಿಂತ್ಕೊಳ್ಳೋದು ನಿಮ್ಮ ಹೊಣೆ." "ಕಾನೂನು ಅತ್ತೆ ಇದ್ದ ಹಾಗಿದೆ," ಅಂದಳು, "ಬಂದಿದ್ದಕ್ಕೆ ಏನೂ ಇಲ್ಲ, ಬಂದಮೇಲೆ ಮಾಡಿದ್ದಕ್ಕೆ ಮಾತ್ರ ಲೆಕ್ಕ."

ಹೀಗೆ ಕೆಲಸ ಹಗುರವಾಗಿ ಸಾಗುತ್ತಿರಲು ಅವನಿಗೆ ಭಯ ಮರೆತೇಹೋಗಿತ್ತು. ಅವಳು ಹೇರ್‌ಪಿನ್ ಚುಚ್ಚಿ ಬೇರೆ ಇಟ್ಟಿದ್ದ ಕೊನೆಯ ಗುಪ್ಪೆಯನ್ನು ಕೈಯಲ್ಲೇ ಹಿಡಿದು, ಮೇಜಿಗೆ ಇಡದೆ, "ಇವು ಬರೋಲ್ಲ ಅನ್ಸುತ್ತೆ," ಅಂದಳು. "ಅಕ್ಕನ ಮನೆ ಮುಂದಿನವು, ಭಾನುವಾರದ್ದು. ದುಡ್ಡು ಅಕ್ಕನೇ ಕೊಟ್ಟಿದ್ರು."

"ಭಾನುವಾರ ನಿಮಗೆ ರಜ ಅಲ್ವಾ?"

"ರಜಾನೇ."

"ಮತ್ತೆ ಕಾರು ಅಲ್ಲಿ ಯಾಕೆ ನಿಂತಿತ್ತು?" ಇದು ಅವನು ಎಲ್ಲರಿಗೂ ಕೇಳುವ ಪ್ರಶ್ನೆ. ಯಾವ ಖರ್ಚಿನ ಬೆನ್ನಿಗೂ ಇದೊಂದು ಪ್ರಶ್ನೆಯನ್ನು ಕಟ್ಟುವುದು ಅವನ ಕಸುಬು. ನಾಲಿಗೆ ಕಚ್ಚಿಕೊಳ್ಳುವ ಮೊದಲೇ ಅದು ತಾನಾಗಿ ಹೊರಟುಹೋಗಿತ್ತು.

ನರ್ಸ್ ಅವನನ್ನೇ ನೋಡಿದಳು. ಬೈಯುವ ನೋಟವಲ್ಲ, ಗಾಯದ ಪಟ್ಟಿ ಬಿಚ್ಚುವ ಮೊದಲು ಕೈ ಬೆಚ್ಚಗೆ ಮಾಡಿಕೊಳ್ಳುವವರ ನೋಟ. "ಜಾಗ ಹಿಡಿಯೋಕೆ," ಅಂದಳು. "ನಿಮಗೆ."

ಕೆಳಗೆ ಇಸ್ತ್ರಿ ಪೆಟ್ಟಿಗೆ ಉಸ್ಸೆಂದಿತು. ಅವಳು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಾ ಹೇಳಿದಳು. "ಅಕ್ಕ ಒಂದಿನ ಕರೆದು ಹೇಳಿದ್ರು, ಪ್ರತಿ ಭಾನುವಾರ ನನ್ನ ತಮ್ಮ ಬರ್ತಾನೆ ಕಣೇ, ಈ ಹಾಳು ಬೀದೀಲಿ ಜಾಗ ಸಿಗದೆ ವಾಪಸ್ ಹೋಗ್ತಾನೆ. ನೀನು ಬೆಳಿಗ್ಗೇನೇ ಬಂದು ಬಾಗಿಲ ಮುಂದೆ ನಿನ್ನ ಕಾರು ನಿಲ್ಸು. ಅವನು ಬಂದ್ರೆ ಕಿಟಕಿಯಿಂದ ಹೇಳ್ತೀನಿ, ನೀನು ಇಳಿದುಹೋಗಿ ತೆಗಿ, ಅವನು ಬಂದು ಸೇರ್ಕೊಳ್ಲಿ ಅಂತ. ಗುಂಡಿ ಹಾಕೋ ಡಬ್ಬೀಲಿ ಚಿಲ್ಲರೆ ಕೂಡಿಟ್ಟಿದ್ರು, ಮಿಷನ್ನಿಗೆ ಹಾಕೋಕೆ. ನಂಗೂ ಭಾನುವಾರ ಮನೇಲಿ ಏನಿದೆ, ಗೋಡೆ ನೋಡ್ಕೊಂಡು ಕೂರೋದು. ಮೊದಮೊದಲು ನಾನು ಮೆಟ್ಟಿಲು ಇಳಿಯೋ ಹೊತ್ತಿಗೆ ನೀವು ಮೂಲೆ ತಿರುಗಿರ್ತಿದ್ರಿ. ಆಮೇಲೆ ಕಾರಲ್ಲೇ ಕೂತು ಕಾಯೋಕೆ ಶುರು ಮಾಡ್ದೆ."

ಜಾಗ ಸಿಗಲಿಲ್ಲ ಅಂತ ಅವನು ಹೇಳಿದ ಮಾತನ್ನು ಅಕ್ಕ ನಿಜವೆಂದು ಎತ್ತಿಕೊಂಡುಬಿಟ್ಟಿದ್ದಳು. ಹರಿದ ಅಂಗಿ ತಂದುಕೊಟ್ಟವನನ್ನು ಹೇಗೆ ಹರಿಯಿತು ಅಂತ ಕೇಳದೆ ಸೂಜಿಗೆ ದಾರ ಪೋಣಿಸುವವಳು. ನಿಜವಾಗಿ ಏನಾಗಿತ್ತು ಅಂದರೆ, ಲಕ್ವ ಹೊಡೆದು ಅಕ್ಕನ ಒಂದು ಕಡೆಯ ಮೈ ಬಿದ್ದುಹೋದ ಹೊಸದರಲ್ಲಿ ಅವನು ಒಂದು ಮಧ್ಯಾಹ್ನ ನೋಡಲು ಹೋಗಿದ್ದ. ಇಬ್ಬರೇ ಇದ್ದರು. ಅವಳು ಏನೋ ಹಳೆಯ ತಮಾಷೆ ಹೇಳುತ್ತಾ ಇದ್ದಕ್ಕಿದ್ದಂತೆ ನಿಲ್ಲಿಸಿದಳು. ಹಾಸಿಗೆ ಒದ್ದೆಯಾಯಿತು. ವಾಸನೆ ಎದ್ದಿತು. ಅವ್ವ ಹೋದಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು, ತೊಳೆದು, ಒರೆಸಿ, ತನ್ನ ಲಂಗ ಕತ್ತರಿಸಿ ಅವನಿಗೆ ಚಡ್ಡಿ ಹೊಲಿದವಳು ಅವಳು. ಅವಳಿಗೆ ಆಗ ಎಷ್ಟು ವಯಸ್ಸು, ಅವಳೇ ಒಂದು ಮಗು. ಅವನು ಎದ್ದು ನಿಂತ. ಬಾಗಿಲ ಕಡೆ ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟೇ ಅವನು ಮಾಡಿದ್ದು, ಬೇರೇನೂ ಇಲ್ಲ. ಆದರೆ ಹಿಂದೆ ಸರಿಯುವಾಗ ತನ್ನ ಮುಖ ಹೇಗಾಗಿತ್ತೆಂಬುದನ್ನು ಅವನು ಅಕ್ಕನ ಮುಖದಲ್ಲಿ ಕಂಡ. ಅವಳು ಸರಿಯಿದ್ದ ಕೈಯಿಂದ ಹೊದಿಕೆಯನ್ನು ಮೇಲಕ್ಕೆಳೆದುಕೊಂಡು, "ನೀನು ಹೋಗಿಬಾ ಮರಿ, ಕತ್ತಲಾಗುತ್ತೆ," ಅಂದಳು. ಕಿಟಕಿಯ ತುಂಬ ಬಿಸಿಲಿತ್ತು. ಆ ಬಿಸಿಲಿನಲ್ಲಿ ಅವನು ಹೊರಟುಬಂದ. ಆಮೇಲಿನ ಎಲ್ಲ ಭಾನುವಾರಗಳಲ್ಲೂ ಬೀದಿಯವರೆಗೆ ಹೋಗುವಷ್ಟು ಪ್ರೀತಿ ಇತ್ತು, ಮೆಟ್ಟಿಲು ಹತ್ತಿ ಆ ಕಣ್ಣುಗಳ ಮುಂದೆ ನಿಲ್ಲುವಷ್ಟು ಮುಖ ಇರಲಿಲ್ಲ.

ಮತ್ತು ಮೋಡ ಕವಿದು ದೀಪ ಹಾಕಿಕೊಂಡೇ ಓಡಿಸಿದ ಆ ಒಂದು ಭಾನುವಾರ. ಅರಿಶಿನ ಬಣ್ಣದ ಕಾರು. ಅಂಗಳದಲ್ಲಿ ಕಂಡ ಗಳಿಗೆಯಿಂದ ಯಾವುದನ್ನು ಹತ್ತಿರ ಸೇರಿಸದೆ ಇದ್ದನೋ ಅದೀಗ ತಾನಾಗಿ ಬಂದು ಎದುರು ಕೂತಿತು. ಅಕ್ಕನ ಬಾಗಿಲ ಮುಂದೆ ಅದರ ದೀಪ ಮಿಟುಕಿತ್ತು. ಅದು ಮುಂದಕ್ಕೆ ಸರಿದು ಬೀದಿಗೆ ಬಂದಿತ್ತು. ಅದರ ಕಿಟಕಿಯಿಂದ ಒಂದು ದಪ್ಪ ಕೈ ಹೊರಗೆ ಚಾಚಿ, ಬಾ, ಬಾ ಎಂದು ಆ ಖಾಲಿ ಜಾಗವನ್ನು ತೋರಿಸಿತ್ತು. ಅಷ್ಟು ವಿಶಾಲವಾದ ಜಾಗವನ್ನು ಆ ಬೀದಿಯಲ್ಲಿ ಅವನು ಎಂದೂ ನೋಡಿರಲಿಲ್ಲ. ಎಣ್ಣೆಯ ಒಂದು ಕಲೆ, ಒಂದು ಒಣಗಿದ ಎಲೆ. ಅವನ ಕಾಲು ಬ್ರೇಕನ್ನು ಹುಡುಕಲಿಲ್ಲ.

"ಆ ಕೈ ನಿಮ್ಮದು," ಅಂದ. "ನಾನು ನೋಡ್ದೆ. ನೋಡಿಯೂ ಹೋದೆ."

"ಗೊತ್ತು."

"ಅಕ್ಕ ನೋಡಿದ್ಲಾ?"

"ಕಿಟಕಿ ಹತ್ರಾನೇ ಕೂರಿಸಿದ್ದೆ." ನರ್ಸ್ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಮೇಲೆ ಹೋದೆ. ಅದು ಅವರಲ್ಲ ಅಕ್ಕ, ಯಾರೋ ಬೇರೆಯವರ ಕಾರು ಅಂದೆ. ಸುಳ್ಳು ಹೇಳಿ ನಂಗೆ ಅಭ್ಯಾಸ ಇದೆ, ಕೆಲಸಾನೇ ಅಂಥದ್ದು. ಆದ್ರೆ ಅಕ್ಕನ ಹತ್ರ ಸುಳ್ಳು ನಡೀತಿರ್ಲಿಲ್ಲ. ನಕ್ಕರು. ಅವನದೇ ಕಣೇ, ಬಲಗಡೆ ಹಿಂದಿನ ದೀಪ ಉರೀತಿಲ್ಲ, ಕತ್ತಲಲ್ಲಿ ಯಾರಾದ್ರೂ ಬಂದು ಗುದ್ದಿಯಾರು, ಹೇಳ್ಬೇಕು ಅವನಿಗೆ ಅಂದ್ರು."

ಅವನು ಕನ್ನಡಕ ತೆಗೆದ. ಅದೇ ಮಧ್ಯಾಹ್ನ, ಜಾಗ ಸಿಗಲಿಲ್ಲ ಅಕ್ಕ ಎಂದು ಅವನು ಫೋನ್ ಮಾಡಿದಾಗ ಅವಳು ಹೌದಾ ಮರಿ ಅಂದಿದ್ದಳು, ಊಟ ಆಯ್ತಾ ಅಂದಿದ್ದಳು. ಫೋನ್ ಇಡುವ ಮುಂಚೆ, ಇನ್ನೇನೋ ನೆನಪಾದವಳ ಹಾಗೆ, ಹಿಂದಿನ ದೀಪ ಒಂದು ಸಲ ಸರಿಮಾಡಿಸ್ಕೋ ಅಂದಿದ್ದಳು. ಹೂಂ ಅಂದಿದ್ದ. ಇವಳಿಗೆ ಹೇಗೆ ಗೊತ್ತು ಎಂದು ಅವನು ಆಗಲೂ ಕೇಳಲಿಲ್ಲ, ಆಮೇಲೂ ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ನೋಡಿದೆ ಅಂತ ಅವಳು ಅವತ್ತೇ ಹೇಳಿ ಮುಗಿಸಿದ್ದಳು. ಇಷ್ಟು ದಿನ ಯಾವ ಬಾಗಿಲು ತೆರೆದೀತೆಂದು ಅವನು ಭುಜ ಕೊಟ್ಟು ಒತ್ತಿ ನಿಂತಿದ್ದನೋ ಅದಕ್ಕೆ ಅಗಳಿಯೇ ಇರಲಿಲ್ಲ.

"ಮತ್ತೇನಂದ್ಲು?"

"ಮತ್ತೇನಿಲ್ಲ. ಬಿಡು, ಪ್ರದಕ್ಷಿಣೆ ಹಾಕಿ ಹೋಗಿದಾನೆ, ಒಳಗೆ ಬರೋ ಧೈರ್ಯ ಇನ್ನೂ ಬಂದಿಲ್ಲ, ನಾನೇನು ದೇವರಾ, ಹೆದರೋಕೆ ಅಂತ ತಮಾಷೆ ಮಾಡಿದ್ರು. ಮುಂದಿನ ವಾರವೂ ಜಾಗ ಹಿಡಿ ಅಂದ್ರು. ಹಿಡಿದೆ. ಆಸ್ಪತ್ರೆಗೆ ಸೇರಿಸೋವರೆಗೂ ಹಿಡಿದೆ."

ಆಚೆ ಕೋಣೆಯಲ್ಲಿ ಟೈಪಿಸ್ಟಳ ಬೆರಳುಗಳು ನಿಂತಿದ್ದವು. ಅವನು ಹೇರ್‌ಪಿನ್ ಚುಚ್ಚಿದ ಗುಪ್ಪೆಗೆ ಕೈ ಚಾಚಿದ, ಮುಟ್ಟಲಿಲ್ಲ, ಕೈ ಹಿಂದಕ್ಕೆ ತೆಗೆದುಕೊಂಡ. "ಇವು ನಿಮ್ಮ ಲೆಕ್ಕಕ್ಕೆ ಬರೋಲ್ಲ," ಅಂದ. ಅದು ತನ್ನ ದನಿಯೋ ಅಲ್ಲವೋ ತಿಳಿಯಲಿಲ್ಲ.

"ನಾನೂ ಹಾಗೇ ಅಂದ್ಕೊಂಡಿದ್ದೆ."

"ಉಳಿದದ್ದೆಲ್ಲ ಬರುತ್ತೆ. ಕ್ಲಚ್ ಹಾಕಿಸ್ಕೊಳ್ಳಿ."

ಅವಳಿಗೆ ಮುಂದಿನ ಮನೆಗೆ ಹೊತ್ತಾಗಿತ್ತು. ಅವನೂ ಜೊತೆಗೆ ಇಳಿದ. ಮೆಟ್ಟಿಲಲ್ಲಿ ಅವಳು ಕೈಹಿಡಿಕೆ ಹುಡುಕಿದಾಗ ಒಂದು ಗಳಿಗೆ ತಡವರಿಸಿ ತನ್ನ ತೋಳು ಕೊಟ್ಟ. ಅವಳ ಭಾರವೆಲ್ಲ ಅದರ ಮೇಲೆ ಬಂತು, ಬೆಚ್ಚಗಿತ್ತು, ಔಷಧಿಯ ಮತ್ತು ಸೋಪಿನ ವಾಸನೆ. ಅವನು ಹಿಂದೆ ಸರಿಯಲಿಲ್ಲ. ಅಂಗಳದಲ್ಲಿ ಮಂಜು ತೆಳುವಾಗಿ ಗೋಡೆಯ ಮೇಲಿನ ನಂಬರು ಕಾಣುತ್ತಿತ್ತು. "ನಿಮ್ಮ ಕಾರು ತಗೊಂಡ್ ಬನ್ನಿ," ಅಂದಳು ಅವಳು, "ನೀವು ಬರೋವರೆಗೂ ನಾನು ತೆಗೆಯೋಲ್ಲ. ಬೇರೆ ಯಾರಾದ್ರೂ ನುಗ್ಗಿಬಿಡ್ತಾರೆ." ಅವನು ಚಪ್ಪಲಿ ರಿಪೇರಿಯವನ ಅಂಗಡಿಯವರೆಗೆ ನಡೆದ. ಕಾರಿನ ಹಿಂದೆ ನಿಂತು ದೀಪದ ಗಾಜನ್ನು ಬೆರಳಿನಿಂದ ಒರೆಸಿದ. ಒರೆಸಿದರೆ ಉರಿಯುವುದಿಲ್ಲ ಎಂದು ಗೊತ್ತಿತ್ತು. ಮತ್ತೆ ಬೀದಿ, ಬ್ಯಾಂಕು, ಔಷಧಿ ಅಂಗಡಿ. ಅಂಗಳದ ಬಾಯಿಗೆ ಬಂದಾಗ ಅರಿಶಿನ ಬಣ್ಣದ ಕಾರಿನ ದೀಪ ಮಿಟುಕಿತು. ಅದು ಮೆಲ್ಲಗೆ ಸರಿದು ಹೊರಗೆ ಬಂತು. ಕಿಟಕಿಯಿಂದ ಅದೇ ಕೈ. ಬಾ, ಬಾ.

ಅವನು ಒಳಗೆ ತಿರುಗಿಸಿದ. ಗೋಡೆಯವರೆಗೂ ತಂದು ನಿಲ್ಲಿಸಿ, ಕೀಲಿ ತಿರುಗಿಸಿ, ಎಂಜಿನ್ ಆರುವ ಸದ್ದನ್ನು ಕೊನೆಯವರೆಗೂ ಕೇಳಿದ. ಇಳಿಯದೆ ಹಾಗೇ ಕೂತ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಕುಂಟುವ ಹೆಜ್ಜೆ ಕೇಳಿಸಿತು. ಅವಳು ತನ್ನ ಕಾರನ್ನು ಅಂಗಳದ ಬಾಯಲ್ಲಿ ಉಸಿರಾಡುತ್ತಲೇ ಬಿಟ್ಟು ಬಂದಿದ್ದಳು. "ದೀಪ ಇನ್ನೂ ಉರೀತಿಲ್ಲ," ಅಂದಳು. ಆಮೇಲೆ ಕಿಟಕಿಯೊಳಗೆ ಒಂದು ತಗಡಿನ ಡಬ್ಬಿ ಚಾಚಿದಳು, ಮುಚ್ಚಳದ ಬಣ್ಣ ಹೆಬ್ಬೆರಳು ಒತ್ತುವ ಕಡೆ ಸವೆದುಹೋದದ್ದು. ಒಳಗೆ ಗುಂಡಿಗಳೂ ಚಿಲ್ಲರೆಯೂ ಒಟ್ಟಿಗೇ ಸರಿದಾಡಿದವು.

"ಮಿಷನ್ನಿಗೆ ಹಾಕಿ ಉಳಿದಿದ್ದು," ಅಂದಳು. "ಅಕ್ಕಂಗೆ ವಾಪಸ್ ಕೊಡೋಕೆ ಆಗ್ಲಿಲ್ಲ."

ಅವನು ಎರಡೂ ಕೈ ಚಾಚಿ ತೆಗೆದುಕೊಂಡ.